ಅಜ್ಜಿ ನೋಡಿದ ಗೆಲಾಕ್ಸಿ

ಕ್ಯಾಮೆರಾಕ್ಕೆ ರೀಲು ಹಾಕಿಸುತ್ತಿದ್ದ ದಿನಗಳವು. ತೆಗೆದ ಫೋಟೋ ಹೇಗೆ ಬಂದಿದೆಯೆಂದು ತಿಳಿಯಲು ವಾರಗಟ್ಟಲೆ ಕಾಯುತ್ತಿದ್ದೆವು. ಹಾರನಹಳ್ಳಿಯ ನಮ್ಮ ಹಿತ್ತಲಲ್ಲಿ ಸಂಜೆಯಾದರೆ ತೆಂಗಿನ ಸಿಪ್ಪೆಯ ಹೊಗೆ, ಕೊಬ್ಬರಿಯ ವಾಸನೆ, ಒಲೆಯ ಮೇಲೆ ಉಪ್ಪು ಹಾಕಿ ಬೇಯಲಿಟ್ಟ ಕಡಲೆಕಾಯಿ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಉಳಿದದ್ದರ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆ ವರ್ಷ ಪಿವಿಸಿ ಪೈಪಿನೊಳಗೆ ಕನ್ನಡಿ ಕೂರಿಸಿ ಒಂದು ಟೆಲಿಸ್ಕೋಪ್ ಕಟ್ಟಿದ್ದರು. "ಬೋರ್‌ವೆಲ್ ಪೈಪಲ್ಲಿ ಏನ್ ಕಾಣ್ತದೆ ಮೇಷ್ಟ್ರೇ, ನೀರಾ?" ಎಂದು ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳುತ್ತಿದ್ದರು. ಕಾಣುತ್ತಿದ್ದುದು ಆಂಡ್ರೊಮಿಡಾ ಗೆಲಾಕ್ಸಿ. ಗಾಜಿನ ಮೇಲೆ ಯಾರೋ ಉಸಿರು ಬಿಟ್ಟಷ್ಟು ಮಬ್ಬು, ಅಷ್ಟೇ. ನಾನು ನೋಡಿದೆ. ಅಜ್ಜಿಗೆ ಕಣ್ಣಿನ ಪೊರೆ; ಎಷ್ಟು ಹೊತ್ತು ಬಗ್ಗಿದರೂ ಏನೂ ಕಾಣಲಿಲ್ಲ.

"ಕಾಗದದ ಮೇಲೆ ದೊಡ್ಡದಾಗಿ ತೋರಿಸ್ತೀನಿ ಅವ್ವ" ಎಂದರು ಅಪ್ಪ. ಸ್ನೇಹಿತರೊಬ್ಬರ ಕ್ಯಾಮೆರಾ ಎರವಲು ತಂದರು. ದೀಪಾವಳಿ ರಜೆ ಮುಗಿಯುವುದರೊಳಗೆ ಅದನ್ನು ಹಿಂದಿರುಗಿಸಬೇಕಿತ್ತು.

ತೊಡಕಾದದ್ದು ಆಕಾಶದೀಪ. ಹಿಂದಿನ ವರ್ಷವಷ್ಟೇ ಅಜ್ಜ ತೀರಿಕೊಂಡಿದ್ದರು. ಕಾರ್ತಿಕ ಮಾಸ ಹುಟ್ಟಿದ ದಿನದಿಂದ ಅಜ್ಜಿ ಹಿತ್ತಲಲ್ಲಿ ಬಿದಿರು ನೆಟ್ಟು, ಅದರ ತುದಿಗೆ ಗಾಜಿನ ಬುಡ್ಡಿಯಲ್ಲಿ ದೀಪ ಏರಿಸುತ್ತಿದ್ದಳು. ಆ ಬೆಳಕಿನಲ್ಲಿ ಫೋಟೋ ಹಾಳಾಗುತ್ತದೆಂದು ಅಪ್ಪ ಹೇಳಿದಾಗ ಅವಳು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ನಿಮ್ಮಪ್ಪ ದಾರಿ ನೋಡ್ಕಂಡು ಬರೋ ದೀಪ ಕಣೋ ಅದು."

"ಸ್ವಲ್ಪ ಹೊತ್ತು ಅವ್ವ. ಆಮೇಲೆ ನಾನೇ ಏರಿಸ್ತೀನಿ."

"ಇಳಿಸಿದ್ಮೇಲೆ ನೀನು ತೋರಿಸದೆ ಹೋದ್ರೆ?"

"ತೋರಿಸ್ತೀನಿ."

ದೀಪ ಇಳಿಯಿತು. ಆರಿಸಲು ಮಾತ್ರ ಅಜ್ಜಿ ಒಪ್ಪಲಿಲ್ಲ. ಅದನ್ನು ಹಿಡಿದುಕೊಂಡು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಕ್ಯಾಮೆರಾವನ್ನು ಪೈಪಿನ ಬೆನ್ನಿಗೆ ಲಾಡಿಯಿಂದ ಬಿಗಿದು, ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು, ಅದು ಜಾರದಂತೆ ಸ್ಟ್ಯಾಂಡಿನ ತಿರುಪನ್ನು ಚೂರುಚೂರೇ ತಿರುಗಿಸುತ್ತಿದ್ದರು. ಲೆನ್ಸಿನ ಮುಂದೆ ರಟ್ಟು ಹಿಡಿದು ಬೆಳಕು ತಡೆಯುವುದು, ಅಪ್ಪ ಹೇಳಿದಾಗ ತೆಗೆಯುವುದು ನನ್ನ ಕೆಲಸ.

"ಆಯ್ತೇನೋ?" ಬಚ್ಚಲೊಳಗಿಂದ ದನಿ.

"ಇನ್ನೂ ಇಲ್ಲವ್ವ."

"ನಿಮ್ಮಪ್ಪನ್ನ ತಂದು ಬಚ್ಚಲಲ್ಲಿ ಕೂರ್ಸಿದೀಯಲ್ಲೋ."

ಅಪ್ಪ ನಗು ತಡೆದುಕೊಂಡು, "ನಗಬೇಡ ಪುಟ್ಟಿ, ಪೈಪು ಅಲ್ಲಾಡುತ್ತೆ" ಎಂದರು.

ರೀಲನ್ನು ಅರಸೀಕೆರೆಯ ಸ್ಟುಡಿಯೋಗೆ ಕೊಟ್ಟೆವು. ಆ ಸ್ಟುಡಿಯೋದವರು ಟಚಿಂಗಿಗೆ ಹೆಸರಾದವರು. ಮದುವೆಗೆ ತೋರಿಸುವ ಹುಡುಗಿಯರ ಫೋಟೋದಲ್ಲಿ ಮೊಡವೆಯ ಗುರುತೂ ಉಳಿಯುತ್ತಿರಲಿಲ್ಲ. ನಾವು ಹೋದಾಗ ಲಕೋಟೆಯನ್ನು ಸಂಭ್ರಮದಿಂದಲೇ ಮುಂದಿಟ್ಟರು.

"ಭಾರಿ ಧೂಳು ಹಿಡಿದಿತ್ತು ಕಣ್ರೀ ಮೇಷ್ಟ್ರೇ, ಎಲ್ಲಾ ಬಿಳೀ ಚುಕ್ಕಿ. ನಡುವೆ ಒಂದು ಕಲೆ ಬೇರೆ. ನೆಗೆಟಿವ್ ಮೇಲೇ ಕೆರೆದು ತೆಗ್ದಿದೀನಿ. ಇನ್ನೆಷ್ಟು ಪ್ರಿಂಟ್ ಹಾಕ್ಸಿದ್ರೂ ಬರಲ್ಲ, ನಿಶ್ಚಿಂತೆಯಾಗಿರಿ." ಆಮೇಲೆ ಮೆಲ್ಲಗೆ ಕೇಳಿದರು: "ಅಲ್ಲಾ, ಬರೀ ಕತ್ತಲೇನ ಯಾಕೆ ತೆಗೆದ್ರಿ?"

ಅಪ್ಪ ಅವರಿಗೆ ಥ್ಯಾಂಕ್ಸ್ ಹೇಳಿದರು. ಮತ್ತೆ ತೆಗೆಯೋಣವೆಂದರೆ ಕ್ಯಾಮೆರಾ ಆಗಲೇ ವಾಪಸ್ಸಾಗಿತ್ತು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೇ ಬಂದಳು. ಅಪ್ಪ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಫೋಟೋ ಅವಳ ಕೈಗೆ ಹೋಗಿತ್ತು. ಬೆಳಕಿಗೆ ಹಿಡಿದಳು, ಮೂಗಿನ ಹತ್ತಿರ ತಂದಳು, ಓರೆ ಮಾಡಿದಳು. ನನಗೆ ಕಂಡದ್ದು ಹೊಳೆಯುವ ಕಪ್ಪು ಕಾಗದ, ಅಷ್ಟೇ. ಅಜ್ಜಿ ಅದರ ಮೇಲೆ ಬೆರಳಿಟ್ಟಳು.

"ಇಲ್ಲೈತಲ್ಲ. ಮಬ್ಬಾಗಿ."

ಅಪ್ಪ ನನ್ನ ಕಡೆ ನೋಡಲಿಲ್ಲ. "ಹೂಂ ಅವ್ವ. ಅದೇ."

"ನಿಮ್ಮಪ್ಪ ಅಷ್ಟು ದೂರ ಹೋಗಿರಲ್ಲ ಬಿಡು" ಎಂದು ಒಳಗೆ ಹೋದಳು.

ಕಣ್ಣಿನ ಪೊರೆಯೇ ಅವಳಿಗೆ ಮಬ್ಬಾಗಿ ಕಂಡಿತೋ, ಕಾಗದದ ಹೊಳಪೋ, ಇಲ್ಲ ಮಗನ ಮುಖ ನೋಡಿ ಹಾಗೆಂದಳೋ? ಅಂದಿನಿಂದ ಕೇಳಿಕೊಳ್ಳುತ್ತಲೇ ಇದ್ದೇನೆ. ಅವಳನ್ನೇ ಕೇಳಬಹುದಾಗಿದ್ದ ವರ್ಷಗಳಲ್ಲಿ ಕೇಳಲಿಲ್ಲ.

ಈಗ ನನ್ನದೇ ಒಂದು ಸಣ್ಣ ಟೆಲಿಸ್ಕೋಪ್ ಇದೆ, ನಕ್ಷತ್ರದ ಜೊತೆ ತಾನೇ ತಿರುಗುವಂಥದ್ದು. ಹಾರನಹಳ್ಳಿಯಲ್ಲೂ ಬೀದಿದೀಪಗಳು ಬೆಳ್ಳಗೆ ಉರಿಯುತ್ತವೆ. ಬರಿಗಣ್ಣಿಗೆ ಆ ಮಬ್ಬು ಸಿಗುವುದಿಲ್ಲ. ಆದರೆ ಅರಸೀಕೆರೆಯ ನನ್ನ ಮನೆಯ ತಾರಸಿಯಿಂದ ತೆಗೆದ ನೂರಾರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಿದರೆ ಗೆಲಾಕ್ಸಿಯ ಸುರುಳಿಯೂ ಕಾಣುತ್ತದೆ. ಕಳೆದ ಕಾರ್ತಿಕದಲ್ಲಿ ಅದನ್ನು ಅಪ್ಪನಿಗೆ ತೋರಿಸಿದೆ.

"ಚೆನ್ನಾಗಿದೆ. ನಮ್ಮದು ಇನ್ನೂ ಚೆನ್ನಾಗಿ ಬಂದಿತ್ತು ಕಣೇ. ಅವ್ವನ ಕಣ್ಣಿಗೂ ಕಂಡಿತ್ತಲ್ಲ."

"ಸ್ಟುಡಿಯೋದವರು ಕೆರೆದುಬಿಟ್ಟಿದ್ರಲ್ಲಪ್ಪ?"

"ಅದು ಬೇರೆ ಯಾವುದೋ ಫೋಟೋ ಇರಬೇಕು" ಎಂದರು ಅಪ್ಪ, ಒಂದಿಷ್ಟೂ ಅನುಮಾನವಿಲ್ಲದೆ.

ಆ ಫೋಟೋವನ್ನು ಮನೆಯಲ್ಲಿ ನೋಡಿದ ಮೂವರಲ್ಲಿ ಇಬ್ಬರು ಉಳಿದಿದ್ದೇವೆ. ಇಬ್ಬರಲ್ಲಿ ಒಬ್ಬರದು ತಪ್ಪು. ಆ ಫೋಟೋ ಎಲ್ಲಿ ಕಳೆಯಿತೋ ಗೊತ್ತಿಲ್ಲ, ಬಹಳ ದಿನ ಹುಡುಕಿದೆ. ಈಚೆಗೆ ಬಿಟ್ಟಿದ್ದೇನೆ. ಸಿಕ್ಕರೆ ಅಪ್ಪನಿಗೆ ತೋರಿಸಬೇಕಾಗುತ್ತದೆ.