ಒಂದೇ ಉಸಿರಿನ ಇಳುಕಲು

ನಮ್ಮ ಸೋದರಮಾವನ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ಲಿನ ಹಲ್ಲುಗಾಲಿಯ ಕರಿ ಅಚ್ಚು ಸದಾ ಇರುತ್ತಿತ್ತು. ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಪೆಡಲು ತುಳಿಯುತ್ತಿದ್ದುದರಿಂದ ಆದದ್ದು. ಎಷ್ಟು ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿಯ ಬಿಳಿ ಗೆರೆ, ಕಾಲ ಮೇಲೆ ಈ ಕರಿ ಹಲ್ಲು. “ಮ್ಯಾಲಿಂದು ದೇವರ ಗುರುತು, ಕೆಳಗಿಂದು ನನ್ನ ಸವತೀದು,” ಎಂದು ಅತ್ತೆ ನಗುತ್ತಿದ್ದರು.

ಮಾವನದು ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ತೊಗರಿ ವ್ಯಾಪಾರ. ಕಮಲಾಪುರದ ಹತ್ತಿರ ಕೆಂಪು ಬಾಳೆಯ ಒಂದು ತೋಟ. ನಿಜಾಮರ ಆಳಿಕೆಯ ಆ ದಿನಗಳಲ್ಲಿ ಸೈಕಲ್ ಇದ್ದವರು ಸರ್ಕಾರಿ ಅಧಿಕಾರಿಗಳು, ಒಬ್ಬಿಬ್ಬರು ವಕೀಲರು. ರುಮಾಲು ಸುತ್ತಿದ ಸಾವಕಾರನೊಬ್ಬ ಸೈಕಲ್ ಏರಿ ವಾರಕ್ಕೊಮ್ಮೆ ತೋಟಕ್ಕೆ ಹೊರಟರೆ ಜನ ಅಂಗಡಿಯಿಂದ ಎದ್ದು ಬಂದು ನೋಡುತ್ತಿದ್ದರು. ತಾಜಸುಲ್ತಾನಪುರ ದಾಟಿದ ಮೇಲೆ ನೋಡುವವರೂ ಇಲ್ಲ. ಕರಿ ಎರೆಹೊಲ ಮುಗಿದು ಕೆಂಪು ನೆಲ ಬರುತ್ತದೆ. ರಸ್ತೆ ಗುಡ್ಡ ಏರುತ್ತ ಇಳಿಯುತ್ತ ಹೋಗುತ್ತದೆ. ಆಗ ಡಾಂಬರಿಲ್ಲ, ಬರೀ ಗರಸು. ಮೋಟಾರು ಎಂಬುದು ಅಪರೂಪದ ಸುದ್ದಿ.

“ಗಂಜಿನಾಗ ದಿನಾ ಮಂದೀ ಮಾತ ಕೇಳ್ತೀನಿ,” ಎನ್ನುತ್ತಿದ್ದರು ಮಾವ. “ವಾರಕ್ಕೊಂದಿನ ಗರಸಿನ ಮಾತ ಕೇಳ್ಬೇಕೋ.”

ಅವರ ಸೈಕಲ್ಲಿಗೆ ಗಂಟೆ ಇರಲಿಲ್ಲ. ನಾನು ಪುಣೆಯ ಕಾಲೇಜಿನಿಂದ ರಜೆಗೆ ಬಂದಾಗ ಒಮ್ಮೆ ಕೇಳಿದೆ. “ಯಾರೂ ಇಲ್ಲದ ರಸ್ತಾಕ್ಕ ಘಂಟಿ ಯಾಕೋ? ಗುಬ್ಬಿಗಳಿಗೆ ಬಾರಸ್ಬೇಕೇನು?” ಎಂದರು.

ಆದರೆ ಆ ದಾರಿಯಲ್ಲಿ ಒಂದು ತೊಡಕಿತ್ತು. ಗುಡ್ಡಗಳ ನಡುವಿನ ಹಳ್ಳಗಳ ತುಂಬ ಈಚಲ ಬನ. ಗಿಡಗಿಡಕ್ಕೂ ಗಡಿಗೆ ಕಟ್ಟಿ ಸಿಂದಿ ಇಳಿಸುತ್ತಿದ್ದರು. ಕಮಲಾಪುರದ ಮುಂಚಿನ ಉದ್ದನೆಯ ಇಳುಕಲಿನ ಬುಡದಲ್ಲಿ, ರಸ್ತೆಗೆ ಅಂಟಿಕೊಂಡೇ ಸಿಂದಿ ಅಂಗಡಿ. ಮಾವ ನೇಮನಿಷ್ಠ ಲಿಂಗಾಯತರು. ಸಿಂದಿಯ ವಾಸನೆ ಮೂಗಿಗೆ ಹೋದರೂ ಕುಡಿದಂತೆಯೇ ಎಂಬುದು ಅವರ ಲೆಕ್ಕ. ಅದಕ್ಕೆ ಗುಡ್ಡದ ನೆತ್ತಿಯಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ಮೂಗು ಬಿಗಿಹಿಡಿದು, ಬ್ರೇಕು ಮುಟ್ಟದೆ ಕೆಳಗಿಳಿಯುತ್ತಿದ್ದರು. ಅಂಗಡಿ ದಾಟಿ ಮುಂದಿನ ಕಿರುಸೇತುವೆಯ ಮೇಲೆ “ಹರಹರಾ!” ಎಂದು ಉಸಿರು ಬಿಡುತ್ತಿದ್ದರು. ಮರಳುವಾಗ ಅದೇ ಏರು. ಆಗ ರುಮಾಲಿನ ಚುಂಗು ಮೂಗಿಗೆ. ಅಂಗಡಿಯ ಹೆಣ್ಣುಮಗಳು ಸುಮ್ಮನಿರುತ್ತಿರಲಿಲ್ಲ. “ಸಾವಕಾರ್ರ, ನಮ್ಮ ಗಾಳೀಗ ಸರ್ಕಾರ ಇನ್ನಾ ಸುಂಕ ಹಾಕಿಲ್ರೀ, ಪುಕಟ ಅದ, ತಗೋರಿ!” ಎಂದು ಕೂಗುತ್ತಿದ್ದಳು.

ಒಂದು ಬೇಸಿಗೆಯ ರಜೆಯಲ್ಲಿ ನಾನೂ ವಕೀಲರೊಬ್ಬರ ಸೈಕಲ್ ಎರವಲು ಪಡೆದು ಮಾವನ ಹಿಂದೆ ಹೊರಟಿದ್ದೆ. ನೆತ್ತಿ ತಲುಪಿದಾಗ ಬಿಸಿಲು ಏರಿತ್ತು. ಮಾವ ಒಮ್ಮೆ ಹಿಂದಿರುಗಿ ನೋಡಿದರು. ಕೆನ್ನೆ ಆಗಲೇ ಉಬ್ಬಿತ್ತು, ಕಣ್ಣಲ್ಲಿ ಹುಡುಗರ ನಗು. ಸೈಕಲ್ ಬಿಟ್ಟೇಬಿಟ್ಟರು.

ಈಗಲೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕೇಳುವುದು ಸದ್ದು. ಗರಸು ಗಾಲಿಯ ಕೆಳಗೆ ಹುರಿಗಡಲೆಯಂತೆ ಸಿಡಿಯುವ ಸದ್ದು. ಆಮೇಲೆ ಕಾಣುವುದು ಆ ಹೆಣ್ಣುಮಗಳು. ತಲೆಯ ಮೇಲೊಂದು, ಕಂಕುಳಲ್ಲೊಂದು ಗಡಿಗೆ ಹೊತ್ತು, ಬನದಿಂದ ಬಂದು ಬೆನ್ನು ತಿರುಗಿಸಿ ರಸ್ತೆ ದಾಟುತ್ತಿದ್ದಾಳೆ. ಮಾವ ಕೂಗಿದರೆ ಸಾಕಿತ್ತು. ಕೂಗಲಿಲ್ಲ. ಬಾಯಿ ಬಿಗಿಹಿಡಿದಿದ್ದರಲ್ಲ. ನಾನು ಹಿಂದಿನಿಂದ ಕೂಗಿದೆ. ಅದು ಗಾಳಿಗೆ ಹೋಯಿತು. ಕೊನೆಯ ಗಳಿಗೆಯಲ್ಲಿ ಮಾವ ಹ್ಯಾಂಡಲ್ಲನ್ನು ಪೂರ್ತಿ ಹೊರಳಿಸಿದರು. ಗಾಲಿ ಜಾರಿತು. ಸೈಕಲ್ಲು, ಮಾವ, ಅಂಗಡಿಯ ಮುಂದೆ ಒಟ್ಟಿದ್ದ ಗಡಿಗೆಗಳ ಸಾಲು, ಎಲ್ಲ ಒಂದಾಗಿ ಹೋದವು.

ನಾನು ಸೈಕಲ್ ಬಿಟ್ಟು ಓಡಿ ಬರುವಷ್ಟರಲ್ಲಿ ಮಾವ ಸಿಂದಿಯಲ್ಲಿ ತೊಯ್ದು ಬಿದ್ದಿದ್ದರು. ಹುಬ್ಬಿನ ಮೇಲೆ ಹರಿದು ರಕ್ತ ಸುರಿಯುತ್ತಿತ್ತು. ಎಡಗಾಲು ತಿರುಚಿತ್ತು. ಅಂಗಡಿಯಲ್ಲಿ ಕುಳಿತಿದ್ದವರು ಎತ್ತಿ ನೆರಳಿಗೆ ಒಯ್ದರು. “ನಾವ್ ಕುಡದ್ ಬೀಳ್ತೀವ್ರೀ, ನೀವ್ ಕುಡೀದೇ ಬಿದ್ರಲ್ಲ!” ಎಂದ ಒಬ್ಬ ಮುದುಕ. ಮಾವ ನಕ್ಕರು. ನಗುತ್ತಲೇ ಕೈ ಎದೆಗೆ ಹೋಯಿತು. ನಗು ನಿಂತಿತು.

ಕೊರಳಿನ ಶಿವದಾರ ಹರಿದಿತ್ತು. ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ಬಾಯಿ ತೆರೆದು ಹತ್ತಿರದಲ್ಲೇ ಬಿದ್ದಿತ್ತು. ಒಳಗೆ ಲಿಂಗ ಇರಲಿಲ್ಲ.

“ನೀರು ತರ್ರಿ,” ಎಂದೆ.

“ಲಿಂಗ ಸಿಗೋತನಕ ನೀರು ಬ್ಯಾಡ,” ಎಂದರು ಮಾವ. ಲಿಂಗ ಮೈಮೇಲಿಲ್ಲದೆ ಹನಿ ನೀರೂ ಕುಡಿಯಬಾರದೆಂಬುದು ಅವರ ನೇಮ.

“ಮಾವಾ, ರಕ್ತ ಭಾಳ ಹೋಗ್ಯದ. ಈ ಬಿಸಿಲಾಗ ನೀರಿಲ್ದ ಜೀವ ಉಳೀತದೇನ್ರಿ?”

“ನಿನ್ನ ಕಾಲೇಜು ನಿನ್ನ ಕಡೀಗೇ ಇರ್ಲಿ. ಎದೀ ಮ್ಯಾಲಿಂದು ಹೋದ ಮ್ಯಾಲ ಜೀವ ಉಳದ್ರ ಏನು, ಬಿಟ್ರ ಏನು?”

ಹುಡುಕತೊಡಗಿದೆವು. ಆ ರಸ್ತೆಯ ಗರಸಿನಲ್ಲಿ ಕೆಂಪು ಕಲ್ಲಿನ ನಡುವೆ ಉರುಟಾದ ಕರಿ ಹರಳುಗಳು ಬಹಳ. ಪ್ರತಿಯೊಂದೂ ದೂರದಿಂದ ಲಿಂಗದಂತೆಯೇ ಕಾಣುತ್ತಿತ್ತು. ಬಗ್ಗಿ ನೋಡಿದರೆ ಬರೀ ಕಲ್ಲು. ಕುಡಿಯಲು ಬಂದವರು ಮೊಣಕಾಲೂರಿ ಅಂಗೈಯಿಂದ ನೆಲ ಸವರುತ್ತಿದ್ದರು. ನಾನು ಆಗಾಗ ಮಾವನ ಬಳಿ ಓಡಿ ಬರುತ್ತಿದ್ದೆ. ಹುಬ್ಬಿಗೆ ಒತ್ತಿ ಕಟ್ಟಿದ ರುಮಾಲು ತೊಯ್ದಿತ್ತು. ತುಟಿ ಬೆಳ್ಳಗಾಗಿತ್ತು. ನಾಲಿಗೆ ಒಣಗಿ ಮಾತು ತೊದಲತೊಡಗಿತು. ಬಲವಂತವಾಗಿ ಬಾಯಿಗೆ ನೀರು ಹನಿಸಹೋದೆ. ಆ ಸ್ಥಿತಿಯಲ್ಲೂ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಈ ಮನುಷ್ಯ ನನ್ನ ಕಣ್ಣೆದುರಿಗೇ ಹೋಗುತ್ತಾನೆ, ಅತ್ತೆಗೆ ಏನು ಹೇಳಲಿ ಎಂದುಕೊಳ್ಳುತ್ತ ಮತ್ತೆ ಗರಸು ಕೆದಕಲು ಓಡಿದೆ.

ಆಗ ಆ ಹೆಣ್ಣುಮಗಳ ದನಿ ಕೇಳಿತು. “ಇಲ್ಲೇ ಅದಾನ್ರೀ! ದೇವ್ರು ಇಲ್ಲೇ ಅದಾನ!”

ಒಡೆದ ಗಡಿಗೆಯೊಂದರ ತಳದ ಬೋಕಿಯಲ್ಲಿ ಒಂದಿಷ್ಟು ಸಿಂದಿ ಉಳಿದಿತ್ತು. ಅದರ ನಡುವೆ ಲಿಂಗ ಕುಳಿತಿತ್ತು. ಆಕೆ ಮುಟ್ಟಲಿಲ್ಲ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆಂದು ನಾನೂ ಮುಟ್ಟಲಿಲ್ಲ. ಆಕೆ ಬೋಕಿಯನ್ನೇ ಎರಡೂ ಕೈಯಿಂದ ಎತ್ತಿ, ತುಂಬಿದ ಆರತಿ ತರುವವಳಂತೆ ಮೆಲ್ಲಗೆ ನಡೆದು ಬಂದು ಮಾವನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

“ಸಿಂದ್ಯಾಗ ಬಿದ್ದಾನ್ರೀ, ಸಾವಕಾರ್ರ,” ಎಂದಳು. ಅವಳೇ ತಪ್ಪು ಮಾಡಿದಂತಿತ್ತು ದನಿ.

ವಾಸನೆಗೇ ಉಸಿರು ಹಿಡಿಯುತ್ತಿದ್ದ ಮನುಷ್ಯ. ಒಲ್ಲೆ ಎಂದರೆ ಮುಗಿಯಿತು. ಮಾವ ಬೋಕಿಯನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು.

“ನಾ ಮೂಗ ಮುಚ್ಚಿದೆ. ಅಂವಾ ಮುಳುಗೇ ಬಿಟ್ಟ,” ಎಂದರು. “ಅವಂಗ ನಡೀತದಂದ್ರ ನಂದೇನದವ್ವಾ? ನೀರು ಹಾಕು.”

ಲಿಂಗವನ್ನು ಎತ್ತಿ ಅಂಗೈಯಲ್ಲಿ ಹಿಡಿದರು. ಆಕೆ ತನ್ನ ಕುಡಿಯುವ ನೀರಿನ ಕೊಡದಿಂದ ಸುರಿದಳು. ತೊಳೆದ ಮೇಲೆ ಅಂಗೈಯಲ್ಲಿ ನಿಂತ ನೀರನ್ನು ತೀರ್ಥವೆಂದು ಕುಡಿದರು. ಆಮೇಲೆ ಚೊಂಬಿನ ಮೇಲೆ ಚೊಂಬು. ಗಂಟಲಿನಲ್ಲಿ ನೀರು ಇಳಿಯುವ ಗುಟುಕು ಗುಟುಕು ಸದ್ದು ಕೇಳುತ್ತ ನಾನು ಗರಸಿನ ಮೇಲೆ ಕುಸಿದು ಕುಳಿತು ಅತ್ತುಬಿಟ್ಟೆ. ಅಷ್ಟು ಹಗುರಾದ ಅಳು ನಾನು ಮತ್ತೆ ಅತ್ತಿಲ್ಲ.

ಬಂಡಿಯಲ್ಲಿ ಮನೆಗೆ ತಂದಾಗ ಅತ್ತೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. “ಸವತಿ ಕುಡಸ್ಕೊಂಡ್ ಬಂದ್ಲೇನು?” ಎಂದವರು ಹುಬ್ಬಿನ ಗಾಯ ಕಂಡು ಹೌಹಾರಿದರು.

ಕಾಲು ನೆಟ್ಟಗಾದ ಮೇಲೆ ಮಾವ ಮತ್ತೆ ಸೈಕಲ್ ಹತ್ತಿದರು. ಗಂಟೆ ಹಾಕಿಸಿದ್ದರು. ಗುಡ್ಡದ ನೆತ್ತಿಯಿಂದಲೇ ಬಾರಿಸುತ್ತ, ಬ್ರೇಕು ಹಿಡಿದು ಇಳಿಯುವರು. ಕೆಳಗಿನಿಂದ ಆಕೆ, “ಬರ್ರೀ, ರಸ್ತಾ ಖಾಲಿ ಅದ!” ಎನ್ನುವಳು. ಅಂಗಡಿಯ ಮುಂದೆ ಇಳಿದು ಒಂದು ಚೊಂಬು ನೀರು ಕುಡಿದು ಮುಂದೆ ಹೋಗುವರು. ಸಿಂದಿಯನ್ನು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ. ಗಂಜಿನಲ್ಲಿ ಯಾರೋ ಕೊಂಕು ನುಡಿದಾಗ, “ಉಸಿರು ಹಿಡದವ್ರು ಭಾಳ ದೂರ ಹೋಗಂಗಿಲ್ರೀ,” ಎಂದಷ್ಟೇ ಹೇಳಿದರು.

ವರ್ಷಗಳ ನಂತರ ಮಾವ ತೀರಿಕೊಂಡಾಗ ಕಮಲಾಪುರದ ತೋಟದಲ್ಲೇ ಮಣ್ಣು ಮಾಡಿದೆವು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಕಳಿಸುತ್ತಾರೆ. ಆ ಅಂಗೈಯನ್ನು ನೋಡುತ್ತ ನಿಂತ ನನಗೆ, ಅಂದು ಬಾರದ ಸಾವು ಇಂದು ತನ್ನ ಹೊತ್ತಿಗೆ ಬಂದಿದೆ ಎಂಬ ಒಂದು ವಿಚಿತ್ರ ಸಮಾಧಾನವೂ ದುಃಖದ ಜೊತೆಗಿತ್ತು.

ಬಾಳೆಯ ಸಾಲಿನಾಚೆ ಆ ಹೆಣ್ಣುಮಗಳು ನಿಂತಿದ್ದಳು. ಮುದುಕಿಯಾಗಿದ್ದಳು. ಅತ್ತೆ ಕರೆದರೂ ಹತ್ತಿರ ಬರಲಿಲ್ಲ. ನಾನೇ ಹೋದೆ.

“ಕೈಯಾಗ ಅದಾನಲ್ರೀ?” ಎಂದು ಕೇಳಿದಳು.

“ಅದಾನವ್ವಾ. ನಾ ನೋಡೇ ಬಂದೀನಿ.”

ಆಕೆ ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟಳು.