ಎರಡು ಕ್ವಾರ್ಟರ್ ಎಲ್ಲಿಗೆ ಹೋಯ್ತು

ಮೇಡಂ ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಕಾಲದಲ್ಲಿ ಆಸಿಡ್ ತಿಂದದ್ದು. ಆ ಬೋಳು ಬೆರಳನ್ನು ಮೇಜಿಗೆ ಕುಟ್ಟುತ್ತಾ "ಅಂದಾಜು ಬೇಡ, ಕಣ್ಣಿಗೆ ಕಂಡದ್ದು ಹೇಳು" ಎನ್ನುತ್ತಿದ್ದರು. ಅವರು ಕೆಮಿಸ್ಟ್ರಿ ಪ್ರೊಫೆಸರ್, ನಾನು ಅವರ ಲ್ಯಾಬಿನ ಅಟೆಂಡರ್. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಒಳಗೇ ಇಟ್ಟುಕೊಳ್ಳುತ್ತಿದ್ದರು. ಅದನ್ನು ನನಗೂ ಕಲಿಸಿದವರು ಅವರೇ.

ನಮ್ಮ ಕಾಲೇಜಿನ ಸಂಚಾಲಕರಿಗೆ ಮಂಗಳೂರಿನಲ್ಲಿ ಬಾರುಗಳಿವೆ. ಮೇಡಂ ರಜೆಯಲ್ಲಿದ್ದ ದಿನ ಅವರು ಲ್ಯಾಬಿಗೆ ಬಂದರು. ಬಾಟನಿಯವರು ಗಿಡದ ಮಾದರಿ ಇಡಲೆಂದು ಕೇಳಿದ್ದಕ್ಕೆ ನಾನು ಐದು ಲೀಟರ್ ಆಲ್ಕೋಹಾಲಿಗೆ ಐದು ಲೀಟರ್ ನೀರು ಬೆರೆಸಿಟ್ಟಿದ್ದೆ. ಅಳೆದು ತೋರಿಸು ಎಂದರು. ಹತ್ತು ಲೀಟರಿಗೆ ಸುಮಾರು ಮುನ್ನೂರೈವತ್ತು ಎಂಎಲ್ ಕಡಿಮೆ ಬಂತು.

"ಎರಡು ಕ್ವಾರ್ಟರ್ ಎಲ್ಲಿಗೆ ಹೋಯ್ತು ಮಾರಾಯ?" ಎಂದು ವಿದ್ಯಾರ್ಥಿಗಳೆದುರೇ ಕೇಳಿದರು. "ಬಾರು ನಡೆಸುವವನಿಗೆ ಅಳತೆ ಕಲಿಸ್ತೀಯಾ? ಅಪ್ಪನದ್ದೇ ಬುದ್ಧಿ ನಿಂದು."

ಅಪ್ಪ ಕುಡಿದೇ ಸತ್ತವರು. ನಾನು ಒಂದು ತೊಟ್ಟು ಮುಟ್ಟಿದವನಲ್ಲ. ಸುದ್ದಿ ನನಗಿಂತ ಮೊದಲೇ ದೇರೆಬೈಲಿನ ಮನೆ ತಲುಪಿತ್ತು. ಬಾಗಿಲಲ್ಲೇ ಅಮ್ಮ ನನ್ನ ಬಾಯಿ ಮೂಸಿದರು.

ಮರುದಿನ ಮೇಡಂ ಎಲ್ಲ ಕೇಳಿಸಿಕೊಂಡರು. "ನೀರಿನ ಅಣುಗಳೂ ಆಲ್ಕೋಹಾಲಿನ ಅಣುಗಳೂ ಒಂದನ್ನೊಂದು ಎಳ್ಕೊಂಡು ಒತ್ತಿ ಕೂತ್ಕೊಳ್ತವೆ. ಅದಕ್ಕೆ ಜಾಗ ಕಮ್ಮಿ ಸಾಕು. ತೂಕ ಮಾಡಿದ್ರೆ ಒಂದು ಗ್ರಾಮೂ ಹೋಗಿರ್ಲಿಲ್ಲ."

"ಹಾಗಾದ್ರೆ ಅವರಿಗೆ ಹೇಳಿ ಮೇಡಂ."

"ಎಂತಕ್ಕೆ? ಚೇಂಬರಲ್ಲಿ ಹೇಳಿದ್ದು ಚೇಂಬರಲ್ಲೇ ಉಳೀತದೆ. ಅವ ನಿನ್ನನ್ನು ಬೈದದ್ದು ಎಲ್ಲರೆದುರು ಅಲ್ವಾ? ಸ್ವಲ್ಪ ತಡಿ."

ವಿಜ್ಞಾನ ಪ್ರದರ್ಶನದ ದಿನ ಮೇಡಂ ಉದ್ಘಾಟನೆಗೆಂದು ದೀಪದ ಬದಲು ಎರಡು ಅಳತೆ ಜಾಡಿಗಳನ್ನು ಸಂಚಾಲಕರ ಕೈಗೆ ಕೊಟ್ಟರು. ನನ್ನ ಅಮ್ಮನನ್ನು ಕರೆಸಿ ಮುಂದಿನ ಸಾಲಿನಲ್ಲೇ ಕೂರಿಸಿದ್ದರು.

"ಐವತ್ತು ಎಂಎಲ್ ನೀರು, ಐವತ್ತು ಆಲ್ಕೋಹಾಲ್. ಒಟ್ಟು ಎಷ್ಟಾಗ್ತದೆ ಸರ್?"

"ನೂರು. ಅದೆಂತ ಕೇಳುವುದು," ಎಂದು ಸಂಚಾಲಕರು ನಕ್ಕು ಸುರಿದರು. ಜಾಡಿ ಬೆಚ್ಚಗಾಯಿತು, ನೂರರ ಗೆರೆ ಮುಟ್ಟಲಿಲ್ಲ.

"ತೊಂಬತ್ತಾರು," ಮೇಡಂ ಮೈಕಿನಲ್ಲಿ ಓದಿದರು. "ಉಳಿದದ್ದು ನೀವು ಕುಡಿದ್ರಾ ಸರ್?"

ಸಭೆ ಗೊಳ್ಳೆಂದಿತು. ಸಂಚಾಲಕರ ಆಗಿನ ಮುಖ ನೆನೆದರೆ ನನಗೆ ಇಂದಿಗೂ ಊಟ ಎರಡು ತುತ್ತು ಹೆಚ್ಚು ಸೇರುತ್ತದೆ. ನನ್ನದು ಸರ್ಕಾರ ಸಂಬಳ ಕೊಡುವ ಅನುದಾನದ ಹುದ್ದೆ, ಅಲುಗಿಸಲು ಅವರಿಂದಾಗಲಿಲ್ಲ. ಮೇಡಂಗೆ ಸಿಗಬೇಕಿದ್ದ ಪ್ರಿನ್ಸಿಪಾಲ್ ಕುರ್ಚಿ ಮಾತ್ರ ತಪ್ಪಿತು. "ಹೋಗ್ಲಿ, ಅವನ ಮುಖ ನೋಡ್ಲಿಕ್ಕೆ ಸಿಕ್ಕಿತಲ್ಲ, ಲಾಭವೇ," ಎಂದು ಬೆರಳು ಕುಟ್ಟಿದರು.

ಹೋದ ವರ್ಷ ಮೇಡಂ ತೀರಿಕೊಂಡಾಗ ಸಂಚಾಲಕರು ದೊಡ್ಡ ಹಾರ ತಂದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಹಳೇದೆಲ್ಲ ಮರ್ತುಬಿಡು ಮಾರಾಯ," ಎಂದರು.

"ಮನೆಗೆ ಬಂದು ಅಮ್ಮನ ಹತ್ರ ಹೇಳಿ," ಎಂದೆ.

ಅವರು ಕಾರು ಹತ್ತಿದರು. ಇನ್ನೂ ಬಂದಿಲ್ಲ. ಪ್ರತಿ ಹೊಸ ಬ್ಯಾಚಿಗೂ ನಾನು ಅದೇ ಜಾಡಿಗಳನ್ನು ಸುರಿದು ತೋರಿಸಿ, ಕಥೆಯನ್ನು ಸಂಚಾಲಕರ ಹೆಸರು ಸಮೇತ ಹೇಳುತ್ತೇನೆ. ಮೇಡಂ ಋಣ ತೀರಿಸಲು ನನಗೆ ಬೇರೆ ದಾರಿ ಗೊತ್ತಿಲ್ಲ.