ಕೊಡದೆ ವಾಪಸ್ ತಂದ ಪತ್ರ

“ಚಪ್ಪಲಿ ಆಚೆ ಬುಟ್ಟು ಮೆತ್ತಗೆ ಬನ್ನಿ ಸಾರ್. ಹುಳ ಜ್ವರಕ್ಕೆ ಕೂತವೆ,” ಎಂದರು ಆಕೆ.

ವಿರೂಪಾಕ್ಷಿಪುರದ ಹತ್ತಿರದ ಆ ಮನೆಗೆ ನಾನು ಹೋಗಿದ್ದು ಅವರ ಗಂಡನಿಗೆ ಕೆಲಸದಿಂದ ತೆಗೆದ ಪತ್ರ ಕೊಡಲು. ಬಿಡದಿಯ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತ, ಅವರು ಕಾರ್ಮಿಕ. ಬೆನ್ನಿನ ಆಪರೇಷನ್ ಆಗಿ ಎರಡು ತಿಂಗಳಿಂದ ಇಎಸ್‌ಐ ವಿಮೆಯ ಕಾಯಿಲೆ ರಜೆಯಲ್ಲಿದ್ದರು. ಮಲಗಿದ್ದವರು ನನ್ನನ್ನು ಕಂಡು ಏಳಲು ನೋಡಿದರು. ಆಚೆ ಬದಿಯ ತಟ್ಟೆಗಳಲ್ಲಿ ರೇಷ್ಮೆಹುಳಗಳು ತಲೆಯೆತ್ತಿಕೊಂಡು ಮಿಸುಕದೆ ಇದ್ದವು. ಪೊರೆ ಬಿಡುವ ಮುಂಚಿನ ಈ ಹೊತ್ತನ್ನೇ ನಮ್ಮ ಕಡೆ ಜ್ವರ ಅನ್ನುವುದು.

ಗಂಡನಿಗೆ ಕೊಡುವ ಮೊದಲೇ ಆಕೆ ಪತ್ರ ಇಸಿದುಕೊಂಡು ಓದಿ, ನನ್ನ ಕೈಗೇ ವಾಪಸ್ ಇಟ್ಟರು. ಬೀರುವಿನಿಂದ ಡಾಕ್ಟರ ಸರ್ಟಿಫಿಕೇಟಿನ ಪ್ರತಿ ತಂದರು. ಅದರ ಮೇಲೆ, ತಲುಪಿದೆ ಎಂದು ನಮ್ಮದೇ ಕಾರ್ಖಾನೆಯ ಸೀಲು, ನನ್ನದೇ ಸಹಿ.

“ನಾನೂ ಗಾರ್ಮೆಂಟ್ಸಲ್ಲಿ ಇದ್ದೋಳು ಸಾರ್. ಇಎಸ್‌ಐ ರಜೆಲಿರೋರ್ನ ತೆಗೆಯಂಗಿಲ್ಲ. ಜ್ವರ ಬಂದಾಗ ಹುಳ ಮೇಯಲ್ಲ, ಅಲ್ಲಾಡಲ್ಲ. ಹಂಗಂತ ತಟ್ಟೆ ಎತ್ತಿ ತಿಪ್ಪೆಗೆ ಸುರೀತೀವಾ? ಒಸಿ ಕಾದ್ರೆ ಎದ್ದೇಳ್ತವೆ.”

ದನಿ ಏರಲಿಲ್ಲ. ಟೀ ಕೊಟ್ಟರು, ಕುಡಿದೆ. ಪತ್ರವನ್ನೂ ಆ ಪ್ರತಿಯನ್ನೂ ತಂದು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಎರಡನ್ನೂ ನೋಡಿ, ಪತ್ರ ಹರಿದು ಹಾಕಿದರು.

ಈಗ ಆಕೆಯ ಗಂಡ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ದಿನಾ ಬೆಳಿಗ್ಗೆ ಗೇಟಿನಲ್ಲಿ ನನಗೆ ಕೈಮುಗಿಯುತ್ತಾರೆ, ಉಪಕಾರ ಮಾಡಿದವರಿಗೆ ಮುಗಿಯುವ ಹಾಗೆ. ಆ ಪತ್ರ ಟೈಪ್ ಮಾಡುವಾಗಲೇ ನಿಯಮ ನನಗೆ ಗೊತ್ತಿತ್ತು ಎಂದು ಅವರಿಗೆ ಇನ್ನೂ ಹೇಳಿಲ್ಲ.